ಹುಳಿಯ ಹದ: ಜೋಳದ ನಾಡಿನ ಗಡಿಗೆಯೂ ಯೀಸ್ಟಿನ ವಂಶವಾಹಿಗಳೂ

ಜನಪದ ಆಹಾರವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ತಿನಿಸುಗಳ ಹೆಸರು ಮತ್ತು ಹಬ್ಬಗಳ ದಾಖಲೆಯಲ್ಲಿಯೇ ನಿಂತಿವೆ. ಹುದುಗಿಸುವ ಅರಿವನ್ನು ಅವು ಅಷ್ಟಾಗಿ ವಿಚಾರಿಸಿಲ್ಲ. ಡೋಣಿ ನದಿಯ ಬಯಲಿನ ಸಾರವಾಡದಂತಹ ಬಿಳಿಜೋಳದ ಊರುಗಳಲ್ಲಿ ಅಂಬಲಿಯ ಹಿಟ್ಟನ್ನು ಹುಳಿಗಿಡುವ ಹೆಣ್ಣುಮಕ್ಕಳು ಬೇಸಗೆಯಲ್ಲಿ ಹೊತ್ತನ್ನು ಮೊಟಕುಗೊಳಿಸುತ್ತಾರೆ, ಚಳಿಗೆ ಗಡಿಗೆಯನ್ನು ಒಲೆಯ ಬಳಿಗೆ ಸರಿಸುತ್ತಾರೆ. ಗಡಿಗೆಯೊಳಗಿನದು ಸುತ್ತಣ ಸ್ಥಿತಿಗೆ ತಕ್ಕಂತೆ ನಡೆಯುತ್ತದೆಂಬ ತಿಳಿವಳಿಕೆ ಈ ರೂಢಿಯಲ್ಲಿದೆ.

ಈ ರೂಢಿಯ ಲಿಖಿತ ಕುರುಹು ಕಡಿಮೆ. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯನ 'ಲೋಕೋಪಕಾರ' (ಸು. 1025) ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ಅರೆದು, ಮೊಸರಿನ ತಿಳಿಯಲ್ಲಿ ಕಲಸುವ ಇಡ್ಡಲಿಗೆಯನ್ನು ಹೇಳುತ್ತದೆ, ದೀರ್ಘಕಾಲ ಹುದುಗಿಸುವ ಮಾತು ಅಲ್ಲಿಲ್ಲವೆಂದು ಆಹಾರ ಇತಿಹಾಸಕಾರ ಕೆ. ಟಿ. ಅಚಯ ಗುರುತಿಸಿದ್ದಾರೆ. ಪದದ ಇತಿಹಾಸ ಇದಕ್ಕಿಂತ ಸ್ವಾರಸ್ಯಕರ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ಕಿಣ್ವ'ವೆಂದರೆ ಉದ್ದು, ಅಕ್ಕಿಗಳಿಂದ ಮಾಡಿದ, ಸುರೆಯನ್ನು ಹುದುಗಿಸುವ ದ್ರವ್ಯ. ಇಂದಿನ ಕನ್ನಡ ವಿಜ್ಞಾನ ಬರಹದಲ್ಲಿ ಅದು ಎನ್‌ಜೈಮ್. 1870ರ ದಶಕದಲ್ಲಿ ಜರ್ಮನಿಯ ಕ್ಯೂನೆ ಬಳಕೆಗೆ ತಂದ ಆ ಪದಕ್ಕೂ ಗ್ರೀಕಿನಲ್ಲಿ 'ಹುದುಗಿನೊಳಗೆ' ಎಂಬುದೇ ಮೂಲಾರ್ಥ!

ಹುದುಗಿನ ಒಳಗನ್ನು ನೋಡುವುದು ಸಾಧ್ಯವಾದದ್ದು ತೀರ ಈಚೆಗೆ. ಯೀಸ್ಟಿನ ಸಮಗ್ರ ವಂಶವಾಹಿ ಸರಣಿ 1996ರಲ್ಲಿ ಪ್ರಕಟವಾಯಿತು. ಮರುವರ್ಷವೇ ಡಿರೀಸಿ, ಅಯ್ಯರ್ ಮತ್ತು ಬ್ರೌನ್ ಅದರ ಸುಮಾರು 6400 ವಂಶವಾಹಿಗಳ ಚಟುವಟಿಕೆಯನ್ನು ಒಟ್ಟಿಗೆ ಅಳೆದರು. ಸಕ್ಕರೆ ಸಮೃದ್ಧವಾಗಿರುವಾಗ ಯೀಸ್ಟ್ ಅದನ್ನು ಹುದುಗಿಸಿ ಮದ್ಯಸಾರವಾಗಿಸುತ್ತದೆ; ಸಕ್ಕರೆ ತೀರಿದಾಗ ಅದೇ ಮದ್ಯಸಾರವನ್ನು ಆಮ್ಲಜನಕದ ನೆರವಿನಿಂದ ಉಂಡು ಬದುಕುತ್ತದೆ. ಈ ಹೊರಳುವಿಕೆಯಲ್ಲಿ ಸುಮಾರು 710 ವಂಶವಾಹಿಗಳ ಅಭಿವ್ಯಕ್ತಿ ಇಮ್ಮಡಿಗೂ ಮೀರಿ ಏರಿತು, ಸುಮಾರು 1030ರದು ಅರ್ಧಕ್ಕೂ ಕೆಳಗಿಳಿಯಿತು. ಶಾಖ ಮೊದಲಾದ ಬೇರೆ ಬೇರೆ ಒತ್ತಡಗಳಿಗೆ ಸುಮಾರು 900 ವಂಶವಾಹಿಗಳು ಒಂದೇ ಬಗೆಯಲ್ಲಿ ಸ್ಪಂದಿಸುತ್ತವೆಂದು 2000ದಲ್ಲಿ ಗಾಶ್ ಮತ್ತು ಸಂಗಡಿಗರು ತೋರಿಸಿದರು.

ಇದನ್ನು ಹಿಡಿದು ನಮ್ಮ ಹಿರಿಯರಿಗೆ ಇದೆಲ್ಲ ಮೊದಲೇ ತಿಳಿದಿತ್ತೆನ್ನುವುದು ಸಲ್ಲದು. ಅಂತಹ ಅಭಿಮಾನದಿಂದ ಜಾನಪದಕ್ಕೆ ಲಾಭವಿಲ್ಲ. ಪ್ರಯೋಗಾಲಯದ್ದು ಒಂದೇ ಜೀವಿಯ ಶುದ್ಧ ಕೃಷಿ. ಅಂಬಲಿಯ ಗಡಿಗೆಯಲ್ಲಿ ಹುಳಿಯನ್ನು ತರುವವು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ, ಯೀಸ್ಟ್ ಅವುಗಳ ಜೊತೆಗಾರ. ಆ ಕೂಟವನ್ನು ಮೂಗು, ನಾಲಗೆ, ಕೈಗಳಿಂದ ಹದದಲ್ಲಿಟ್ಟ ಅರಿವು ಬೇರೆಯೇ ಜಾತಿಯದು. ಅದನ್ನು ಬಲ್ಲ ತಲೆಮಾರು ಇಳಿವಯಸ್ಸಿನಲ್ಲಿದೆ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ತಿನಿಸಿನ ಹೆಸರಿನ ಜೊತೆಗೆ ತಿಂಗಳು, ನೆನೆಸಿದ ಹೊತ್ತು, ಪಾತ್ರೆಯ ಬಗೆ, ಗಡಿಗೆ ಒಲೆಯಿಂದ ಎಷ್ಟು ದೂರವಿತ್ತೆಂಬುದೂ ಸೇರಬೇಕು.