ಹನ್ನೊಂದು ಮಣಿಗಳ ಹಾರ: ಮಹಾವೀರಾಚಾರ್ಯನ 12345654321

ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರ ಭಾಗದಲ್ಲಿ ಕೆಲವು ಗುಣಲಬ್ಧಗಳು ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುತ್ತವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. ಇವುಗಳ ಸಾಲಿಗೇ ಸೇರಿದ 27994681 × 441 = 12345654321 ಎಂಬ ಲೆಕ್ಕ ಬರಿಯ ಅಂಕಿಗಳ ಚಮತ್ಕಾರವಲ್ಲ, ಅದರ ಒಳಗೆ ಬಿಗಿಯಾದ ರಚನೆಯಿದೆ ಎಂಬುದು ಈ ಲೇಖನದ ವಾದ.

ಮೊದಲು ಹಾರದ ಆಕಾರ. 111111ನ್ನು ಆರು ಸಲ, ಪ್ರತಿ ಸಾಲನ್ನೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆದು ಕೂಡಿಸೋಣ. ಕಂಬಸಾಲುಗಳಲ್ಲಿ ನಿಲ್ಲುವ ಒಂದುಗಳ ಎಣಿಕೆ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಯಾವ ಕಂಬಸಾಲೂ ಹತ್ತನ್ನು ಮುಟ್ಟದ ಕಾರಣ ದಶಕದ ಸಾಗಾಟವಿಲ್ಲ. ಹೀಗಾಗಿ ನಮ್ಮ ಸಂಖ್ಯೆ 111111ರ ವರ್ಗ. ಅಂಕಿಗಳ ಮೊತ್ತ 36, ಅಂದರೆ 6ರ ವರ್ಗ. ಒಂಬತ್ತು ಒಂದುಗಳವರೆಗೂ ಈ ಸೊಬಗು ಉಳಿಯುತ್ತದೆ. ಹತ್ತು ಒಂದುಗಳ ವರ್ಗ 1234567900987654321. ಅಲ್ಲಿ ಹಾರ ಹರಿಯುತ್ತದೆ.

ಇನ್ನು ಅಪವರ್ತನಗಳು. 111111 = 111 × 1001. ಇದರಲ್ಲಿ 111 = 3 × 37, 1001 = 7 × 11 × 13. ಆದ್ದರಿಂದ 12345654321ರಲ್ಲಿ ಈ ಐದು ಅವಿಭಾಜ್ಯಗಳು ತಲಾ ಎರಡು ಸಲ ಬರುತ್ತವೆ. ಅದರ ಭಾಜಕಗಳು 3⁵, ಅಂದರೆ 243. ಎರಡು ಸಂಖ್ಯೆಗಳ ಗುಣಲಬ್ಧವಾಗಿ ಅದನ್ನು 122 ಬಗೆಗಳಲ್ಲಿ ಒಡೆಯಬಹುದು. ಆ ಪೈಕಿ 16ರಲ್ಲಿ ಮಾತ್ರ ಎರಡು ಭಾಗಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಭಾಜಕವಿಲ್ಲ.

ಗ್ರಂಥದಲ್ಲಿರುವ ಜೋಡಿ ಈ ಹದಿನಾರರಲ್ಲಿ ಒಂದು. 441 ಎಂದರೆ (3 × 7)ರ ವರ್ಗ. 27994681 ಎಂದರೆ (11 × 13 × 37)ರ, ಅರ್ಥಾತ್ 5291ರ ವರ್ಗ. ಸಾಮಾನ್ಯ ಭಾಜಕವಿಲ್ಲದ ಎರಡು ಸಂಖ್ಯೆಗಳ ಗುಣಲಬ್ಧ ವರ್ಗವಾದರೆ ಆ ಎರಡೂ ವರ್ಗಗಳೇ ಆಗಬೇಕು. ಚಿಕ್ಕ ಅವಿಭಾಜ್ಯಗಳೆರಡು ಗುಣಕಕ್ಕೆ, ಉಳಿದ ಮೂರು ಗುಣ್ಯಕ್ಕೆ ಹಂಚಿಹೋಗಿವೆ. 27994681ರ ಅಂಕಿಗಳಲ್ಲಿ ಯಾವ ಕ್ರಮವೂ ಕಾಣದು. ಗುಣಿಸಿದ ಮೇಲೆಯೇ ಹಾರ ಮೂಡುವುದು.

ಈ ಅಂದ ಹತ್ತರ ಪದ್ಧತಿಯ ಸೊತ್ತಲ್ಲ. ಏಳರ ಪದ್ಧತಿಯಲ್ಲಿ 111111 ಎಂದರೆ ನಮ್ಮ 19608; ಅದರ ವರ್ಗವೂ ಆ ಪದ್ಧತಿಯಲ್ಲಿ 12345654321 ಎಂದೇ ಬರೆಯಲ್ಪಡುತ್ತದೆ. ಆರೆಂಬ ಅಂಕಿಯಿರುವ ಪ್ರತಿಯೊಂದು ಸ್ಥಾನಮೌಲ್ಯ ಪದ್ಧತಿಯಲ್ಲೂ ಇದು ನಿಜ. ಮಹಾವೀರಾಚಾರ್ಯನ ಹಾರವನ್ನು ಪೋಣಿಸಿದ ದಾರ ಸ್ಥಾನಮೌಲ್ಯವೇ.