ಪಂಪನನ್ನು ಹೊರಗಿಟ್ಟ ಪ್ರಬಂಧ

ಪುಣೆಯಲ್ಲಿ 'ಡೆಕ್ಕನ್' ಅಂದರೆ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಡೆಕ್ಕನ್ ಜಿಮಖಾನಾ. ನಾನು ಹೇಳಹೊರಟಿದ್ದು ಯೆರವಡಾದ ಡೆಕ್ಕನ್ ಕಾಲೇಜಿನ ಮಾತು. 1934ರಲ್ಲಿ ಮುಚ್ಚಿದ್ದ ಆ ಕಾಲೇಜು 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮತ್ತೆ ತೆರೆಯಿತು. 1946ರಲ್ಲಿ ಬಂದ ಅದರ ಪ್ರಬಂಧಮಾಲೆಯ ಮೊದಲ ಪುಸ್ತಕ ಕನ್ನಡದ ಕುರಿತದ್ದು: ಜಿ. ಎಸ್. ಗಾಯಿ ಅವರ 'ಹಿಸ್ಟಾರಿಕಲ್ ಗ್ರಾಮರ್ ಆಫ್ ಓಲ್ಡ್ ಕನ್ನಡ'. ಗಾಯಿಯವರು ಮುಂದೆ ಭಾರತೀಯ ಪುರಾತತ್ತ್ವ ಇಲಾಖೆಯ ಮುಖ್ಯ ಶಾಸನತಜ್ಞರಾದರು.

ಪಿಎಚ್.ಡಿ. ಬರೆಯುತ್ತಿರುವ ಗೆಳೆಯರು ಈ ಪುಸ್ತಕದ ಉಪಶೀರ್ಷಿಕೆಯನ್ನಷ್ಟೇ ಓದಿದರೂ ಲಾಭವಿದೆ. ಎಂಟು, ಒಂಬತ್ತು, ಹತ್ತನೆಯ ಶತಮಾನಗಳ ಕನ್ನಡ ಶಾಸನಗಳನ್ನು ಮಾತ್ರ ಆಧರಿಸಿದ್ದು ಎಂದು ಅದು ಮೊದಲೇ ಹೇಳಿಬಿಡುತ್ತದೆ. ಆ 'ಮಾತ್ರ'ದ ಬೆಲೆ ಸಣ್ಣದಲ್ಲ. ಕವಿರಾಜಮಾರ್ಗ ಒಂಬತ್ತನೆಯ ಶತಮಾನದ್ದು, ಪಂಪ ಹತ್ತನೆಯವನು. ಹಳಗನ್ನಡದ ವ್ಯಾಕರಣಕ್ಕೆ ಕೂತವರು ಈ ಎರಡನ್ನೂ ಆಧಾರದಿಂದ ಹೊರಗಿಡುವುದೆಂದರೆ, ಮನೆ ಕಟ್ಟಲು ಹೊರಟವರು ಹೊಳೆಯ ಮರಳು ಬೇಡ ಎಂದಂತೆ.

ಬೇಡವೆನ್ನಲು ಕಾರಣವಿತ್ತು. ಹಳೆಯ ಕಾವ್ಯಗಳ ಓಲೆಗರಿ ಪ್ರತಿಗಳು ಕವಿಯ ಕಾಲದವಲ್ಲ, ಶತಮಾನಗಳ ಆಚೆಗೆ ನಕಲಾದವು. ಪ್ರತಿಕಾರ ತನ್ನ ಕಾಲದ ರೂಪವನ್ನು ತನಗೇ ಗೊತ್ತಿಲ್ಲದೆ ಸೇರಿಸಿಬಿಡುತ್ತಾನೆ. 'ಪಾಲು' ಯಾವಾಗ 'ಹಾಲು' ಆಯಿತು, ೞಕಾರ ಎಂದು ಕಳೆದುಹೋಯಿತು ಎಂದು ಕೇಳಿದರೆ ಅಂಥ ಪ್ರತಿಯನ್ನು ಸಾಕ್ಷಿಗೆ ಕರೆಯುವುದು ಕಷ್ಟ. ಕಲ್ಲಿನ ಮೇಲೆ ಕೆತ್ತಿದ್ದು ಕೆತ್ತಿದ ಹಾಗೇ ಇರುತ್ತದೆ. ನಿಂತ ಊರೂ ಗೊತ್ತು, ಬಹಳಷ್ಟು ಸಲ ಕಾಲವೂ ಗೊತ್ತು. (ಖೊಟ್ಟಿ ತಾಮ್ರಶಾಸನಗಳದ್ದು ಬೇರೆಯೇ ತಲೆನೋವು.) ಇದೇ ಊರಿನ ಭಂಡಾರ್ಕರ್ ಸಂಸ್ಥೆ ಮಹಾಭಾರತದ ಪ್ರತಿಗಳನ್ನು ಹೋಲಿಸಿ ಪಾಠ ಗೊತ್ತುಮಾಡಲು 1919ರಿಂದ 1966ರವರೆಗೆ ದುಡಿಯಿತು ಎಂದರೆ ನಕಲುಗಳ ಗೋಜಲು ಎಂಥದು ಎಂದು ತಿಳಿದೀತು.

ಎಂಟನೆಯ ಶತಮಾನದಿಂದಲೇ ಶುರುಮಾಡಿದ್ದಕ್ಕೂ ಅರ್ಥವಿದೆ. ಅದಕ್ಕಿಂತ ಹಿಂದಿನ ಶಾಸನಗಳ ವ್ಯಾಕರಣವನ್ನು ಎ. ಎನ್. ನರಸಿಂಹಯ್ಯ ಬರೆದಿದ್ದರು, 1941ರಲ್ಲಿ ಮೈಸೂರಿನಿಂದ ಅದು ಪ್ರಕಟವಾಗಿತ್ತು. 'ಅನಾದಿ ಕಾಲದಿಂದಲೂ' ಎಂದು ಆರಂಭವಾಗುವ ನಮ್ಮ ಸೆಮಿನಾರ್ ಪ್ರಬಂಧಗಳಲ್ಲಿ ಹಿಂದಿನವರು ಎಲ್ಲಿ ನಿಲ್ಲಿಸಿದರು ಎಂಬುದೇ ಕಾಣುವುದಿಲ್ಲ.

ನಷ್ಟವೂ ಇದೆ. ಶಾಸನ ಹೇಳುವುದು ಹೆಚ್ಚಾಗಿ ದಾನ, ಯುದ್ಧ, ಸಾವು. ಅವನು ಕೊಟ್ಟ, ಇವನು ಸತ್ತ. ಅಲ್ಲಿ ಯಾರೂ ಎದುರಿನವರನ್ನು 'ನೀನು' ಎಂದು ಮಾತಾಡಿಸುವುದು ಅಪರೂಪ. ಆ ಕಾಲದ ಕನ್ನಡಿಗರು ಎದುರುಬದುರು ಜಗಳವಾಡುವುದನ್ನು ಕೇಳಬೇಕಾದರೆ ಪಂಪನ ಬಳಿಗೇ ಹೋಗಬೇಕು.