ಕಣಕಾಲಿನ ಮೃದ್ವಸ್ಥಿ: ದುರಸ್ತಿಯ ದಾರಿಗಳು

ಮೆಟ್ಟಿಲು ಇಳಿಯುವಾಗ ಕಾಲು ಉಳುಕುವುದು ಯಾರಿಗೂ ಹೊಸದಲ್ಲ. ಕೆಲವು ದಿನಗಳಲ್ಲಿ ಊತ ಇಳಿಯುತ್ತದೆ, ನೋವು ಮರೆತುಹೋಗುತ್ತದೆ. ಕೆಲವರಿಗೆ ಮಾತ್ರ ತಿಂಗಳುಗಳು ಕಳೆದರೂ ಕಣಕಾಲಿನ ಆಳದಲ್ಲಿ ನೋವು ಉಳಿಯುತ್ತದೆ. ಇದಕ್ಕೆ ಒಂದು ಕಾರಣ, ಕೀಲಿನೊಳಗಿನ ಮೃದ್ವಸ್ಥಿಗೆ ಬಿದ್ದ ಪೆಟ್ಟು. ಅದನ್ನು ಸರಿಪಡಿಸುವುದು ಏಕೆ ಇಷ್ಟು ಕಷ್ಟ?

ಕಾಲಿನ ಎರಡು ಮೂಳೆಗಳು ಸೇರಿ ಆದ ಕವೆಯೊಳಗೆ ಪಾದದ ಟಾಲಸ್ ಎಂಬ ಮೂಳೆ ಕೂತಿದೆ. ಇವು ಸಂಧಿಸುವ ಮೇಲ್ಮೈಗಳ ನುಣುಪು ಹೊದಿಕೆಯೇ ಮೃದ್ವಸ್ಥಿ. ಇಲ್ಲಿ ಅದರ ದಪ್ಪ ಸುಮಾರು 1ರಿಂದ 2 ಮಿಲಿಮೀಟರ್ ಅಷ್ಟೆ. ನಡೆಯುವಾಗ ಈ ಕೀಲಿನ ಮೇಲೆ ದೇಹತೂಕದ ಸುಮಾರು 5 ಪಟ್ಟು ಬಲ ಬೀಳುತ್ತದೆ. ಆದರೂ ಘರ್ಷಣೆಯ ಗುಣಾಂಕ 0.01ರ ಆಸುಪಾಸಿನಲ್ಲಿರುತ್ತದೆ. ಇಂಥ ಹೊದಿಕೆಯನ್ನು ಮತ್ತೆ ತಯಾರಿಸುವುದು ಸುಲಭವಲ್ಲ.

ಹಾಳಾದ ಮೃದ್ವಸ್ಥಿ ಮರಳಿ ಬೆಳೆಯದು ಎಂದು 1743ರಲ್ಲೇ ವಿಲಿಯಂ ಹಂಟರ್ ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ್ದರು. ಕಾರಣ ಈಗ ಗೊತ್ತಿದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ರಕ್ತ ಹೆಪ್ಪುಗಟ್ಟದ ಕಡೆ ಗಾಯ ಮಾಯುವ ಕ್ರಿಯೆ ಆರಂಭವಾಗುವುದೇ ಇಲ್ಲ.

ಕಣಕಾಲಿನ ಈ ದೋಷವನ್ನು 1922ರಲ್ಲಿ ಜರ್ಮನಿಯ ಕಾಪಿಸ್ ವರ್ಣಿಸಿದರು. 1959ರಲ್ಲಿ ಅಮೆರಿಕದ ಬರ್ನ್ಟ್ ಮತ್ತು ಹಾರ್ಟಿ, ಕಾಲು ತಿರುಚಿದಾಗಿನ ಪೆಟ್ಟೇ ಇದಕ್ಕೆ ಕಾರಣವೆಂದು ತೋರಿಸಿ, ಅದನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು. ಆದರೆ ಕೀಲನ್ನು ತೆರೆಯದೆ ಒಳಗೆ ನೋಡುವುದು ಹೇಗೆ? ಕಣಕಾಲಿನ ಕೀಲು ಬಹಳ ಇಕ್ಕಟ್ಟು, ಅಲ್ಲಿ ದರ್ಶಕ ನಳಿಗೆ ತೂರದು ಎಂದು 1931ರಲ್ಲಿ ನ್ಯೂಯಾರ್ಕಿನ ಬರ್ಮನ್ ಬರೆದಿದ್ದರು. ಆ ಅಡ್ಡಿಯನ್ನು ದಾಟಿಸಿದ್ದು ಭೌತವಿಜ್ಞಾನ. ಅಕ್ಷದಿಂದ ಹೊರಕ್ಕೆ ಹೋದಂತೆ ವಕ್ರೀಭವನಾಂಕ ಕಡಿಮೆಯಾಗುವ ಸೆಲ್ಫಾಕ್ ಗಾಜಿನಲ್ಲಿ ಬೆಳಕು ತಾನಾಗಿಯೇ ಬಾಗುತ್ತದೆ. ಹಾಗಾಗಿ ಬಹಳ ತೆಳುವಾದ ನಳಿಗೆ ಸಾಧ್ಯವಾಯಿತು. ಇಂಥ ನಳಿಗೆಯ ಕೀಲುದರ್ಶಕದ ಬಗ್ಗೆ ಜಪಾನಿನ ವತನಾಬೆ 1972ರಲ್ಲಿ ಗ್ರಂಥ ಪ್ರಕಟಿಸಿ, 28 ಕಣಕಾಲುಗಳ ಪರೀಕ್ಷೆಯನ್ನು ವರದಿ ಮಾಡಿದರು.

ಇನ್ನು ದುರಸ್ತಿ. ಮೂರೂ ಮುಖ್ಯ ವಿಧಾನಗಳು ಮೊದಲು ಮೊಣಕಾಲಿನಲ್ಲಿ ಬೆಳೆದು, ಆಮೇಲೆ ಕಣಕಾಲಿಗೆ ಬಂದವು. ಮೊದಲನೆಯದು ಮೂಳೆಯನ್ನು ಕೊರೆಯುವುದು. 1959ರಲ್ಲಿ ಬ್ರಿಸ್ಟಲಿನ ಪ್ರೀಡಿ ಇದನ್ನು ವರದಿ ಮಾಡಿದರು. 1980ರ ದಶಕದಲ್ಲಿ ಅಮೆರಿಕದ ಸ್ಟೆಡ್‌ಮನ್ ಸಣ್ಣ ರಂಧ್ರಗಳ ವಿಧಾನವನ್ನು ರೂಪಿಸಿದರು. ಅಸ್ಥಿಮಜ್ಜೆಯಿಂದ ರಕ್ತ ಒಸರಿ, ಹೆಪ್ಪುಗಟ್ಟಿ, ಹೊಸ ಅಂಗಾಂಶ ಬೆಳೆಯುತ್ತದೆ. ಆದರೆ ಬೆಳೆಯುವುದು ಮುಖ್ಯವಾಗಿ ನಾರುಮಯ ಮೃದ್ವಸ್ಥಿ. ಅದು ಮೂಲದಷ್ಟು ಬಾಳಿಕೆ ಬರದು.

ಎರಡನೆಯದು ಕಸಿ. 1992ರಲ್ಲಿ ಹಂಗೆರಿಯ ಹಾಂಗೋಡಿ ಈ ವಿಧಾನವನ್ನು ಬಳಕೆಗೆ ತಂದರು. ಮೊಣಕಾಲಿನಲ್ಲಿ ಭಾರ ಕಡಿಮೆ ಬೀಳುವ ಅಂಚಿನಿಂದ ಮೂಳೆ ಸಹಿತ ಮೃದ್ವಸ್ಥಿಯ ಪುಟ್ಟ ಉರುಳೆಗಳನ್ನು ತೆಗೆದು, ಟಾಲಸ್‌ನ ಹೊಂಡದಲ್ಲಿ ಕೂರಿಸುತ್ತಾರೆ. ಸಿಗುವುದು ಅಸಲಿ ಮೃದ್ವಸ್ಥಿ. ಆದರೆ ಚೆನ್ನಾಗಿದ್ದ ಮೊಣಕಾಲು ನೋಯಬಹುದು. ಟಾಲಸ್ ತಲುಪಲು ಕೆಲವೊಮ್ಮೆ ಕಣಕಾಲಿನ ಒಳಗಿಣ್ಣನ್ನೇ ಕತ್ತರಿಸಿ ಮತ್ತೆ ಜೋಡಿಸಬೇಕು.

ಮೂರನೆಯದು ಕೋಶಗಳ ಕೃಷಿ. ರೋಗಿಯದೇ ಮೃದ್ವಸ್ಥಿಯ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಮತ್ತೆ ತುಂಬುವ ಈ ವಿಧಾನವನ್ನು 1994ರಲ್ಲಿ ಸ್ವೀಡನ್ನಿನ ಬ್ರಿಟ್‌ಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದರು. ಇದಕ್ಕೆ ಸಾಮಾನ್ಯವಾಗಿ ಎರಡು ಶಸ್ತ್ರಕ್ರಿಯೆಗಳು ಬೇಕು. ವೆಚ್ಚವೂ ಹೆಚ್ಚು.

ಹಾಗಾದರೆ ಯಾರಿಗೆ ಯಾವುದು? ಬಹುಮಟ್ಟಿಗೆ ಗಾಯದ ಅಳತೆಯೇ ನಿರ್ಧರಿಸುತ್ತದೆ. 2009ರ ಕೊರಿಯಾದ ಅಧ್ಯಯನವೊಂದು ರಂಧ್ರ ವಿಧಾನಕ್ಕೆ 150 ಚದರ ಮಿಲಿಮೀಟರನ್ನು ಗಡಿಯೆಂದು ಸೂಚಿಸಿತು. 2017ರ ಸಮೀಕ್ಷೆಯೊಂದು ಅದನ್ನು ಸುಮಾರು 107ಕ್ಕೆ ಇಳಿಸಿತು. ಅಂದರೆ ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು.

ಹೊಂಡ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಟಾಲಸ್ ಹೊರಮಗ್ಗುಲಿಗೆ 1 ಮಿಲಿಮೀಟರ್ ಸರಿದರೂ ಕೀಲಿನ ಸಂಪರ್ಕ ವಿಸ್ತೀರ್ಣ ಸರಾಸರಿ 42% ಕುಗ್ಗುತ್ತದೆ ಎಂದು 1976ರಲ್ಲಿ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಅಳೆದು ತೋರಿಸಿದರು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಬಲ ಅಷ್ಟೇ ಇದ್ದು ವಿಸ್ತೀರ್ಣ 0.58 ಪಟ್ಟಿಗೆ ಇಳಿದರೆ ಸರಾಸರಿ ಒತ್ತಡ 1.7 ಪಟ್ಟಾಗುತ್ತದೆ. ಸಡಿಲವಾದ ಅಸ್ಥಿರಜ್ಜುಗಳನ್ನು, ವಾರೆಯಾದ ಮೂಳೆಯನ್ನು ಸರಿಪಡಿಸದಿದ್ದರೆ ಅತ್ಯುತ್ತಮ ಕಸಿಯೂ ಈ ಒತ್ತಡಕ್ಕೆ ಸಿಕ್ಕಿ ಸವೆಯಬಹುದು.

ಹಂಟರ್ ಮಾತನ್ನು ಯಾವ ವಿಧಾನವೂ ಇನ್ನೂ ಪೂರ್ತಿ ಸುಳ್ಳಾಗಿಸಿಲ್ಲ. ಆದ್ದರಿಂದ ಉಳುಕಿದ ಕಾಲಿನ ನೋವು ತಿಂಗಳುಗಟ್ಟಲೆ ಉಳಿದರೆ, ಎಕ್ಸ್-ಕಿರಣ ಚಿತ್ರದಲ್ಲಿ ಏನೂ ಕಾಣದಿದ್ದರೂ, ಅಲಕ್ಷಿಸಬೇಡಿ. ಎಂಆರ್‌ಐ ಬೇಕೇ ಎಂದು ಮೂಳೆತಜ್ಞರನ್ನು ಕೇಳಿ. ಗಾಯ ಗುಂಡಿಗಿಂತ ಚಿಕ್ಕದಿರುವಾಗಲೇ ತಿಳಿದರೆ ಸರಳ ದಾರಿ ಇನ್ನೂ ತೆರೆದಿರುತ್ತದೆ.